ಫೈಬರ್ ಬಿಲ್ಲಪ್ಪ

ಜನವರಿ 21, ಭಾನುವಾರ

ಹೊಸೂರಿನ ಫ್ಯಾಕ್ಟರಿ ಹತ್ತಿರದ ಮೂಕಂಡಪಲ್ಲಿಯ ರೂಮಿನಿಂದ ಊರಿಗೆ ಆರಕ್ಕೇ ಹೊರಟೆ. ಎರಡು ಬಸ್ಸು. ರಾಯಕೋಟೆ ದಾಟಿದ ಮೇಲೆ ಅರ್ಧ ಗಂಟೆ ನಿಂತೆವು. ರಸ್ತೆಗೆ ಅಡ್ಡವಾಗಿ ಆನೆ — ಲಾರಿಯ ಮೇಲೆ, ಥರ್ಮಾಕೋಲಿನದು. ದಂತಗಳಿಗೆ ಹಳೆಯ ಪಂಚೆ ಸುತ್ತಿದ್ದರು. ಸಿನಿಮಾದವರು ಇನ್ನೂ ತೊಲಗಿಲ್ಲ.

ನಮ್ಮೂರ ಗುಡ್ಡದ ಬುಡದಲ್ಲಿ ಹದಿನೈದು ದಿನದಿಂದ ಯುದ್ಧ. ಸಾವಿರದ ಇನ್ನೂರು ವರ್ಷದ ಹಿಂದಿನದಂತೆ. ರಾಜನ ಸೈನ್ಯಕ್ಕೆ ಬೆಂಗಳೂರಿನ ಜಿಮ್ ಹುಡುಗರು. ಸೋಲುವ ಕಾಡುಜನರ ಪಾತ್ರಕ್ಕೆ ಅಂಚೆಟ್ಟಿ ಕಡೆಯವರು, ನಮ್ಮೂರಿನವರು. ಆಳು ಒದಗಿಸುವ ಕೆಲಸ ನನ್ನ ಚಿಕ್ಕಪ್ಪ ಚಿನ್ನಸ್ವಾಮಿಯದು.

ನಮ್ಮವರ ಮೈಗೆ ಕಪ್ಪು ಬಳಿದಿದ್ದಾರೆ. ರಾಗಿ ಹೊಲದಲ್ಲಿ ಬೆಂದ ಮೈ ಇವರಿಗೆ ಸಾಲದು. ಕುತ್ತಿಗೆಗೆ ಪ್ಲಾಸ್ಟಿಕ್ ಮೂಳೆ. ಒಂದು ಮಾತೂ ಇಲ್ಲ, ಬರೀ ಕೂಗು. ರಾಜನ ಕಡೆಯವರಿಗೆ ಮಾತ್ರ ಪುಟಗಟ್ಟಲೆ ಡೈಲಾಗ್.

ಚಿಕ್ಕಪ್ಪ ನನ್ನನ್ನೂ ಕರೆದ. "ಇವತ್ತು ಸಾಯೋ ಸೀನು ಕಣ್ಲಾ ಬೀರೇಶ. ಸುಮ್ಕೆ ಬಿದ್ಕಂಡಿದ್ರೆ ಸಾಕು."

"ನಾನು ಬೀಳಲ್ಲ."

"ನಿಂತ್ಕಂಡೇ ಸಾಯ್ತೀಯಾ? ಡೈರೆಕ್ಟ್ರುನ್ನ ಕೇಳಿ ನೋಡ್ತೀನಿ ತಡಿ."

ಹೆಣವಾಗಿ ಮಲಗಿದ್ದವರೆಲ್ಲ ನಕ್ಕರು. ಶಾಟ್ ಕೆಟ್ಟಿತು. ನನಗೆ ನಗು ಬರಲಿಲ್ಲ.

ಜನವರಿ 28, ಭಾನುವಾರ

ಇದನ್ನು ಬರೆಯದೆ ಇದ್ದರೆ ತಲೆ ಸಿಡಿಯುತ್ತದೆ.

ಬಿಲ್ಲಪ್ಪನ ಮೇಲೂ ಕೈ ಹಾಕಿದ್ದಾರೆ. ಬಿಲ್ಲಪ್ಪ ನಮ್ಮ ಮನೆತನದ ವೀರಗಲ್ಲು. ಗುಡ್ಡದ ಮೇಲಿದೆ, ಹತ್ತಲು ಒಂದು ಗಂಟೆ. ಬಿಲ್ಲು ಹಿಡಿದು ನೆಲದ ಮೇಲೆ ನಿಂತ ಒಬ್ಬ ಮನುಷ್ಯ, ಹಿಂದೆ ಮೂರು ದನ, ಮೇಲೆ ಎರಡು ಸಾಲು ಬರಹ. ಕೃಷ್ಣಗಿರಿಯ ನಿವೃತ್ತ ಮೇಷ್ಟ್ರೊಬ್ಬರು ಓದಿ ಹೇಳಿದ್ದರು — ಊರಿನ ದನ ಬಿಡಿಸಿ ಸತ್ತ ಎಂದು. ಅಷ್ಟೇ. ರಾಜನ ಹೆಸರಿಲ್ಲ, ಬಿರುದಿಲ್ಲ. ಆ ಎರಡು ಸಾಲು ನನಗೆ ಬಾಯಿಪಾಠ.

ಸಿನಿಮಾದವರು ಫೋಟೋ ತೆಗೆದುಕೊಂಡು ಹೋಗಿ ಫೈಬರಿನಲ್ಲಿ ಇನ್ನೊಂದು ಮಾಡಿದ್ದಾರೆ. ಆಳೆತ್ತರ. ಬಿಲ್ಲಪ್ಪ ಈಗ ಕುದುರೆ ಮೇಲೆ. ತಲೆಗೆ ಕಿರೀಟ, ಕೈಗೆ ಕತ್ತಿ, ತಿರುಚಿದ ಮೀಸೆ. ದನ ಮಾಯ. ಕಥೆಯಲ್ಲಿ ಅವನು ರಾಜನ ದಂಡನಾಯಕ — ಕಾಡುಜನರನ್ನು ಕೊಂದು ಸತ್ತವನು. ಎಂದರೆ ನಮ್ಮವರನ್ನು ಕೊಂದು.

ಅಸಿಸ್ಟೆಂಟ್ ಡೈರೆಕ್ಟರ್ ಶಶಿಕುಮಾರ್ ಎಂಬಾತನ ಬಳಿ ಹೋಗಿ ಕೇಳಿದೆ.

"ಬ್ರದರ್, ಇದು ಡಾಕ್ಯುಮೆಂಟರಿ ಅಲ್ಲ. ಮೊದಲಲ್ಲೇ ಕಾಲ್ಪನಿಕ ಅಂತ ಕಾರ್ಡ್ ಹಾಕ್ತೀವಿ."

"ಆ ಕಾರ್ಡು ಎಷ್ಟು ಸೆಕೆಂಡ್ ಇರುತ್ತೆ?"

"ಮೂರು."

"ಕುದುರೆ?"

ನಕ್ಕು ಟೀ ತರಿಸಿದ. ಕುಡಿಯಲಿಲ್ಲ.

ಫೆಬ್ರವರಿ 4, ಭಾನುವಾರ

ಕರಪತ್ರ ಸಿದ್ಧ. "ಹನ್ನೆರಡು ಸುಳ್ಳುಗಳು." ಕುದುರೆಗೆ ರಿಕಾಪು, ಸವಾರ ಕಾಲಿಡುವ ಕಬ್ಬಿಣದ ಬಳೆ — ಆ ಕಾಲಕ್ಕೆ ಈ ಸೀಮೆಯಲ್ಲಿ ಇರಲಿಲ್ಲ. ಹಿನ್ನೆಲೆಯಲ್ಲಿ ಟೊಮೇಟೊ ತೋಟ. ಸೈನಿಕರ ಕೊರಳಲ್ಲಿ ಚೆಂಡುಹೂ — ಅದೂ ಟೊಮೇಟೊದ ಹಾಗೆ ಕಡಲಾಚೆಯಿಂದ ಬಂದದ್ದು. ಕಪ್ಪು ಬಣ್ಣ. ಮೂಳೆ. ಕೊನೆಯದು, ದಪ್ಪ ಅಕ್ಷರದಲ್ಲಿ: ಬಿಲ್ಲಪ್ಪನ ದನ ಹೊಡೆದುಕೊಂಡು ಹೋದದ್ದೇ ರಾಜನ ಸೈನಿಕರು, ಇವರು ಅವನನ್ನೇ ರಾಜನ ಸೇವಕನಾಗಿ ಮಾಡಿದ್ದಾರೆ.

ಇನ್ನೂರು ಜೆರಾಕ್ಸ್. ಬಸ್ಸಿನಲ್ಲಿ, ಸೆಟ್ಟಿನ ಬಾಗಿಲಲ್ಲಿ ಹಂಚಿದೆ. ಒಬ್ಬ ಸೈನಿಕ ಅದರಲ್ಲಿ ಬೋಂಡಾ ಕಟ್ಟಿಸಿಕೊಂಡ.

ಶಶಿಕುಮಾರ್ ಮಾತ್ರ ನಿಂತು ಪೂರ್ತಿ ಓದಿದ. "ಹನ್ನೊಂದು ಒಪ್ಪಿದೆ ಬ್ರದರ್. ಹನ್ನೆರಡನೇದು... ರಾಜನ ಸೈನಿಕರು ಅಂತ ಕಲ್ಲಲ್ಲಿ ಇದೆಯಾ?"

ಇಲ್ಲ. ಕಲ್ಲಿನಲ್ಲಿ ಇಲ್ಲ. ದನ ಒಯ್ದವರು ಯಾರೆಂದು ಅದು ಹೇಳುವುದಿಲ್ಲ. ರಾಜರು ಹಾಗೆ ಮಾಡುತ್ತಿದ್ದರು ಎಂದು ಹೊಸೂರಿನಲ್ಲಿ ಕೊಂಡ ಪುಸ್ತಿಕೆಯೊಂದರಲ್ಲಿ ಓದಿದ್ದೆ. ಇಲ್ಲಿಗೂ ಅಂಟಿಸಿದೆ. ಸರಿಯಾಗಿ ಕೂತಿತು, ಅದಕ್ಕೇ ಬರೆದೆ.

"ನೀವೂ ಸ್ವಲ್ಪ ಸಿನಿಮಾ ಮಾಡಿದ್ದೀರಿ," ಎಂದ.

ಉಳಿದ ನೂರ ಮೂವತ್ತು ಪ್ರತಿಗಳಲ್ಲೂ ಆ ಸಾಲನ್ನು ಪೆನ್ನಿನಿಂದ ಹೊಡೆದುಹಾಕಿದೆ. ಬೆರಳು ನೋಯುತ್ತಿದೆ. ಅವನ ಮೇಲಿನ ಸಿಟ್ಟು ಇಳಿದಿಲ್ಲ. ಅವನು ಸರಿ ಹೇಳಿದ್ದಕ್ಕೆ ಇನ್ನೂ ಹೆಚ್ಚಿದೆ.

ಫೆಬ್ರವರಿ 18, ಭಾನುವಾರ

ಸಿನಿಮಾದವರು ಹೋದರು. ಬಯಲ ತುಂಬ ನೀರಿನ ಬಾಟಲಿ, ಮುರಿದ ಈಟಿ. ಫೈಬರ್ ಕಲ್ಲನ್ನು ಬಿಟ್ಟುಹೋಗಿದ್ದಾರೆ.

ಚಿಕ್ಕಪ್ಪ ಅದನ್ನು ಹೊತ್ತು ತಂದು ಬಸ್ ಸ್ಟಾಪಿನ ಪಕ್ಕ, ತನ್ನ ಟೀ ಅಂಗಡಿ ಎದುರಿಗೆ ನೆಟ್ಟಿದ್ದಾನೆ. ಅರಿಶಿನ, ಕುಂಕುಮ, ಬಲ್ಬಿನ ಸರ. ಬಸ್ಸಿಳಿದವನ ಎದುರಿಗೆ ಅಜ್ಜಿ — ಮುನಿವೆಂಕಟಮ್ಮ, ನನ್ನ ಸ್ವಂತ ಅಜ್ಜಿ, ಎಂಬತ್ತರ ಹತ್ತಿರ — ಆ ಪ್ಲಾಸ್ಟಿಕ್ ಕುದುರೆಯ ಮೂತಿಗೆ ಕೈ ಮುಗಿದು ನಿಂತಿದ್ದಳು.

"ಇದು ಸುಳ್ಳು ಅಜ್ಜಿ. ತಟ್ಟಿ ನೋಡು, ಡಬಡಬ ಅನ್ನುತ್ತೆ."

"ತಟ್ಬ್ಯಾಡ ಕಣ್ಲಾ! ಮೈಮ್ಯಾಲ್ ಬಂದಾತು."

ಮಾರ್ಚ್ 3, ಭಾನುವಾರ

ಊರವರು ಹೂ ಕೇಳಿದರು. ಪೂಜೆ ಇನ್ನು ಮುಂದೆ ಗುಡ್ಡದ ಮೇಲೋ ರಸ್ತೆಯಲ್ಲೋ — ಬಿಲ್ಲಪ್ಪನೇ ಹೇಳಲಿ ಎಂದು. ಕಲ್ಲಿನ ನೆತ್ತಿಯ ಮೇಲೆ ಒದ್ದೆ ಮಾಡಿದ ಕಣಗಿಲೆ ಹೂವು ಇಡುತ್ತಾರೆ. ಬಲಕ್ಕೆ ಬಿದ್ದರೆ ಒಪ್ಪಿಗೆ. ಗುಡ್ಡದ ಕಲ್ಲು ಒರಟು, ಅಲ್ಲಿ ಹೂವು ಬೀಳಲು ಮಧ್ಯಾಹ್ನವಾದದ್ದೂ ಉಂಟು. ತಾತನ ಕಾಲದಲ್ಲಿ ಒಂದು ಮದುವೆ ಹೂವು ಬೀಳದೆ ನಿಂತೇ ಹೋಯಿತಂತೆ.

ಫೈಬರ್ ಮೇಲೆ ಇಟ್ಟರು. ಕೈ ತೆಗೆಯುವುದರೊಳಗೆ ಬಲಕ್ಕೆ ಜಾರಿತು.

ಕೂಗೋ ಕೂಗು. ಎರಡನೆಯದು — ಬಲ. ಮೂರನೆಯದು — ಬಲ. "ನೋಡ್ರಪ್ಪ, ಎಷ್ಟು ಬೇಗ್ ಕೊಟ್ಬುಟ್ಟ! ಮ್ಯಾಗ್ಲವ್ನು ಸತಾಯಿಸ್ತಿದ್ದ," ಎಂದ ಚಿಕ್ಕಪ್ಪ.

ಬ್ಯಾಗಿನಲ್ಲಿ ಫ್ಯಾಕ್ಟರಿಯ ರಸಮಟ್ಟ ಇತ್ತು, ಗಾಳಿಗುಳ್ಳೆಯಿಂದ ವಾಲು ತೋರಿಸುವ ಪಟ್ಟಿ. ಎಲ್ಲರ ಮುಂದೆ ನೆತ್ತಿಯ ಮೇಲೆ ಇಟ್ಟು ತೋರಿಸಿದೆ. ಗುಳ್ಳೆ ಎಡಕ್ಕೆ ಓಡಿತು. ಕಲ್ಲು ಬಲಕ್ಕೆ ವಾಲಿದೆ. ಮೇಲೆ ಪಾಲಿಶ್ ಬೇರೆ. ಅದರ ಮೇಲೆ ನೊಣವೂ ನಿಲ್ಲುವುದಿಲ್ಲ.

ಒಂದು ಕ್ಷಣ ಎಲ್ಲರೂ ಗುಳ್ಳೆಯನ್ನೇ ನೋಡಿದರು. ಗೆದ್ದೆ ಅಂದುಕೊಂಡೆ.

ಚಿಕ್ಕಪ್ಪ ಅಂದ, "ಯಾವ್ ಕಡೀಕ್ ವಾಲ್ಬೇಕು ಅಂತ ಬಿಲ್ಲಪ್ಪುಂಗೆ ನೀನ್ ಹೇಳ್ಕೊಡ್ತೀಯೇನ್ಲಾ?"

ಮುಗಿಯಿತು. ಮಂಗಳಾರತಿ.

ಮಾರ್ಚ್ 10, ಭಾನುವಾರ

ಸುಡಬೇಕು. ಬೇರೆ ದಾರಿ ಇಲ್ಲ. ರಾಯಕೋಟೆಯ ಬಂಕಿನಲ್ಲಿ ಅರ್ಧ ಲೀಟರ್ ಪೆಟ್ರೋಲ್ ಹಾಕಿಸಿಕೊಂಡೆ.

ಮಧ್ಯಾಹ್ನ ಎರಡು ಗಂಟೆ. ಅಂಗಡಿ ಮುಚ್ಚಿತ್ತು, ರಸ್ತೆಯಲ್ಲಿ ನಾಯಿಯೂ ಇಲ್ಲ. ಕಲ್ಲಿನ ನೆರಳಲ್ಲಿ ಅಜ್ಜಿ ಬೆನ್ನು ಆನಿಸಿ ಕೂತಿದ್ದಳು. ಪಕ್ಕದಲ್ಲಿ ಮಾಲಿನಿ, ಚಿಕ್ಕಪ್ಪನ ಮಗಳು, ಕಾಲೇಜಿನ ಪುಸ್ತಕ ಹಿಡಿದು. ನನ್ನ ಕೈಯ ಬಾಟಲಿ ನೋಡಿದಳು. ಮೂಗಿಗೆ ವಾಸನೆ ಬಂದಿರಬೇಕು.

"ಅಣ್ಣಾ, ಹಚ್ತೀಯಾ?"

"ಹಚ್ಚುತ್ತೇನೆ. ನಿಜವಾದದ್ದು ಮೇಲಿದೆ. ಅದೊಂದೇ ಸಾಕು."

"ನಿಂಗ್ ಸಾಕು. ನೀನ್ ನೋಡಿದ್ದೀಯ. ನಂಗೆ ಹತ್ತೊಂಬತ್ತು, ನಾನ್ ನೋಡಿಲ್ಲ. ಅಜ್ಜಿ ಈ ಮನೀಗ್ ಬಂದು ಅರವತ್ತು ವರ್ಷ ಆಯ್ತು, ಅವ್ಳೂ ನೋಡಿಲ್ಲ."

ಹೆಂಗಸರು ಗುಡ್ಡ ಹತ್ತುವಂತಿಲ್ಲ. ಅವರ ನೆರಳು ಬಿದ್ದರೆ ಬಿಲ್ಲಿನ ಹೆದೆ ಸಡಿಲವಾಗುತ್ತದಂತೆ. ಪೂಜೆಯ ದಿನ ಅವರು ಪೊಂಗಲು ಬೇಯಿಸಿ ಬುಡದಲ್ಲಿ ನಿಲ್ಲುತ್ತಾರೆ. ನಾವು ಹೊತ್ತುಕೊಂಡು ಹೋಗುತ್ತೇವೆ. ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ. ಒಂದು ಸಲವೂ ಕಣ್ಣಿಗೆ ಬಿದ್ದಿರಲಿಲ್ಲ.

ಅಜ್ಜಿ ತಲೆ ಎತ್ತಲಿಲ್ಲ. "ಸುಳ್ಳೋ ದಿಟವೋ, ಇವ್ನು ಮುಟ್ಟುಸ್ಕೊಂಡ ಕಣ್ಲಾ ಮಗ. ಸುಡಂಗಿದ್ರೆ ನಾನ್ ಎದ್ದೋಗ್ತೀನಿ, ತಡಿ. ಮಂಡಿ ಹಿಡ್ಕಂಡೈತೆ."

ಎದ್ದಳು ಕೂಡ. ಕುದುರೆಯ ಕಾಲು ಹಿಡಿದುಕೊಂಡು.

ಪೆಟ್ರೋಲನ್ನು ಬೇಲಿಯ ಆಚೆ ಚೆಲ್ಲಿದೆ.

ಮಾರ್ಚ್ 11, ಸೋಮವಾರ. ಬಿ ಶಿಫ್ಟ್‌ಗೆ ಮೊದಲು

ಹನ್ನೆರಡು ಸುಳ್ಳು ಪಟ್ಟಿ ಮಾಡಿದೆ. ಹೆದೆ ಸಡಿಲವಾಗುತ್ತದೆ ಎಂಬ ಹದಿಮೂರನೆಯದನ್ನು ಹೊತ್ತುಕೊಂಡೇ ಪ್ರತಿ ವರ್ಷ ಗುಡ್ಡ ಹತ್ತಿದೆ. ಅದನ್ನು ಯಾವ ಸಿನಿಮಾದವನೂ ಹೇಳಿಕೊಟ್ಟಿರಲಿಲ್ಲ.

ಮಾರ್ಚ್ 24, ಭಾನುವಾರ

ಚಿಕ್ಕಪ್ಪನ ಅಂಗಡಿಯಲ್ಲೇ, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಮುಂದಿನ ಭಾನುವಾರ ಅಜ್ಜಿಯನ್ನು ಮೇಲಕ್ಕೆ ಕರೆದುಕೊಂಡು ಹೋಗುತ್ತೇನೆ. ಬರುವ ಹೆಂಗಸರೆಲ್ಲ ಬರಬಹುದು.

ಚಿಕ್ಕಪ್ಪ ಟೀ ಸೋಸುವುದನ್ನು ನಿಲ್ಲಿಸಿದ. "ಸಿನಿಮಾದೋರು ಕೆಡಿಸಿದ್ರು ಅಂತ ಎರಡ್ ತಿಂಗ್ಳು ಬಡ್ಕಂಡೆ. ಈಗ ನೀನೇ ಕೆಡಿಸ್ತೀಯಾ?"

"ಹೆಂಗಸರು ಬರಬಾರದು ಅಂತ ಕಲ್ಲಲ್ಲಿ ಬರೆದಿಲ್ಲ."

"ಎಲ್ಲಾ ಕಲ್ಲಲ್ಲೇ ಬರ್ದಿರ್ತಾರೇನ್ಲಾ? ನಿಮ್ ತಾತ ಹೇಳವ್ನೆ, ಅವ್ರಪ್ಪ ಹೇಳವ್ನೆ."

"ಬರೆದದ್ದು ಎರಡೇ ಸಾಲು, ಚಿಕ್ಕಪ್ಪ. ಉಳಿದದ್ದೆಲ್ಲ ಸೇರಿಸಿದ್ದು. ಸಿನಿಮಾದವರು ಒಂದು ತಿಂಗಳಲ್ಲಿ ಸೇರಿಸಿದರು, ನೀವು ನಿಧಾನವಾಗಿ ಸೇರಿಸಿದಿರಿ."

ಬಿಸಿ ಟೀ ನನ್ನ ಕಾಲಿನ ಮೇಲೆ ಬಿತ್ತು. ಕೈ ಜಾರಿತು ಎಂದ. ಜಾರಿರಲಿಲ್ಲ. "ಗುಡ್ಡದ್ ದಾರೀಲಿ ನಿನ್ನ ನೋಡುದ್ರೆ ಕಾಲ್ ಮುರೀತೀನಿ. ಅಣ್ಣನ್ ಮಗ ಅಂತ ನೋಡಾಕಿಲ್ಲ."

ಮಾಲಿನಿ ಒಳಗಿನಿಂದ ನೀರು ತಂದು ನನ್ನ ಕಾಲಿಗೆ ಸುರಿದಳು. ಅಪ್ಪನ ಎದುರಿಗೇ.

ಮಾರ್ಚ್ 31, ಭಾನುವಾರ. ಬೆಳಿಗ್ಗೆ ಒಂಬತ್ತೂವರೆ, ಗುಡ್ಡದ ಮೇಲೆ

ಪ್ಲಾಸ್ಟಿಕ್ ಕುರ್ಚಿಗೆ ಎರಡು ಬಿದಿರು ಕಟ್ಟಿದೆವು. ಮುಂದೆ ನಾನು, ಮಾಲಿನಿ. ಹಿಂದೆ ನೆರೆಮನೆಯ ಕಮಲಮ್ಮ, ಅವರ ಮಗಳು ಭಾಗ್ಯಲಕ್ಷ್ಮಿ. ಬೇರೆ ಹೆಂಗಸರು ಬರಲಿಲ್ಲ. ಕೆಲವರು ಬಾಗಿಲು ಹಾಕಿಕೊಂಡರು. ಒಬ್ಬಳು ಹೊಸಿಲಲ್ಲಿ ನಿಂತು ಉಗಿದಳು.

ಅಜ್ಜಿ ದಾರಿಯುದ್ದಕ್ಕೂ ಬೈದಳು. "ಅಲ್ಲಾಡಿಸ್ಬ್ಯಾಡ್ರೇ! ಬಿಲ್ಲಪ್ಪುನ್ ತಾವ ಕರ್ಕೊಂಡೋಗ್ತೀರೋ ಯಮನ್ ತಾವ್ಲೋ!"

ಕಲ್ಲಿನ ಎದುರಿಗೆ ಕುರ್ಚಿ ಇಳಿಸಿದೆವು. ಅಜ್ಜಿ ಅತ್ತ ಇತ್ತ ನೋಡಿದಳು. ಇನ್ನೂ ಮುಂದೆ ಹೋಗಬೇಕು ಎಂದುಕೊಂಡಿದ್ದಳು.

"ಎಲ್ಲೈತೆ?"

"ಇದೇ ಅಜ್ಜಿ."

ಬಹಳ ಹೊತ್ತು ನೋಡಿದಳು. ಕುರ್ಚಿಯಿಂದ ಇಳಿದು, ತೆವಳಿ, ಹತ್ತಿರ ಹೋದಳು. ಕಲ್ಲಿನ ನೆತ್ತಿಯ ಮೇಲೆ ಕೈ ಇಟ್ಟಳು. ಕೂತಿದ್ದವಳ ಭುಜದವರೆಗೂ ಬರಲಿಲ್ಲ ಅದು.

"ಇಷ್ಟೇನಾ?"

ಕೈಯನ್ನು ನೆತ್ತಿಯಿಂದ ಕಲ್ಲಿನ ಬುಡದವರೆಗೆ ಇಳಿಸಿದಳು.

"ಆಳೆತ್ತರ ಅಂದಿದ್ದ ನಿಮ್ ತಾತ. ತಲೆ ಎತ್ತಿ ನೋಡುದ್ರೆ ರುಮಾಲು ಬೀಳ್ತದೆ ಅಂದಿದ್ದ. ನಿಮ್ಮಪ್ಪಾನೂ ಅಂಗೇ ಅಂದ. ಚಿನ್ನಸ್ವಾಮೀನೂ ಅಂಗೇ ಅಂದ." ನನ್ನ ಕಡೆ ತಿರುಗಿದಳು. "ನೀನ್ ನೋಡಿದ್ದೆಯಲ್ಲ. ನೀನ್ಯಾಕ್ಲಾ ಹೇಳ್ಲಿಲ್ಲ?"

ನನಗೂ ಚಿಕ್ಕಂದಿನಲ್ಲಿ ಆಳೆತ್ತರ ಎಂದೇ ಹೇಳಿದ್ದರು. ಮೊದಲ ಸಲ ಬಂದು ನೋಡಿ, ಕೆಳಗಿಳಿದು, ಮಾಲಿನಿಗೆ ನಾನೂ ಹಾಗೇ ಹೇಳಿದ್ದೆ.

"ಈಟುದ್ದ ಕಲ್ಲಿಗೆ," ಎಂದಳು ಅಜ್ಜಿ, "ಅರವತ್ತು ವರ್ಷ ನನ್ನ ಬುಡದಾಗ್ ನಿಲ್ಸಿದ್ರೇನ್ಲಾ?"

ಅಳುತ್ತಿಲ್ಲ. ಕೋಪ. ಸೆರಗಿನಿಂದ ಕಲ್ಲಿನ ಮೇಲಿನ ಹಳೆಯ ಎಣ್ಣೆ ಉಜ್ಜುತ್ತಿದ್ದಾಳೆ. ಮಾಲಿನಿ ಬರಹದ ಮೊದಲ ಅಕ್ಷರದ ಮೇಲೆ ಬೆರಳಿಟ್ಟು ನನ್ನನ್ನು ಓದು ಎನ್ನುತ್ತಿದ್ದಾಳೆ.

ಕೆಳಗೆ ಗಂಡಸರ ಕೂಗು. ಏಳೆಂಟು ಜನ ಇರಬಹುದು, ಮೊದಲ ತಿರುವು ದಾಟಿದ್ದಾರೆ. ಚಿಕ್ಕಪ್ಪನ ದನಿ ಬೇರೆಯಾಗಿ ಕೇಳುತ್ತಿದೆ. ಕಮಲಮ್ಮ ಕುರ್ಚಿಯ ಬಿದಿರು ಬಿಚ್ಚಿ ಕೈಗೆ ತೆಗೆದುಕೊಂಡಿದ್ದಾರೆ. ಇಳಿಯೋಣವಾ ಎಂದು ಅಜ್ಜಿಯನ್ನು ಕೇಳಿದೆ. ಬೆನ್ನನ್ನು ಕಲ್ಲಿಗೆ ಒತ್ತಿ, ಎರಡು ಕಾಲನ್ನೂ ದಾರಿಗೆ ಚಾಚಿ, "ಬರ್ಲಿ, ಅವುನ್ನೇ ಕೇಳ್ತೀನಿ," ಎಂದಳು. ಚಿಕ್ಕಪ್ಪ ಈಗ ಕಾಣಿಸುತ್ತಿದ್ದಾನೆ, ಕೈಯಲ್ಲಿ ದೊಣ್ಣೆ. ಬರೆಯುವುದನ್ನು ಇಲ್ಲಿಗೇ ನಿಲ್ಲಿಸುತ್ತೇನೆ, ಮಾಲಿನಿಗೆ ಆ ಎರಡು ಸಾಲು ಓದಿ ಹೇಳಬೇಕು.