ಅಂಗಳದಲ್ಲಿ ನಿಂತ ಸ್ಕೂಟರ್

ಸುಬ್ರಹ್ಮಣ್ಯ, ಶುಕ್ರವಾರ

ಅಪ್ಪಾ,

ಸ್ಕೂಟರನ್ನು ಕಾವಲಿಲ್ಲದೆ ಬಿಡಬೇಡ ಎಂದಿದ್ದಿರಿ, ಬಿಟ್ಟೆ. ನಿನ್ನೆ ಪೇಟೆಯಲ್ಲಿ ಎಲ್ಲೂ ಜಾಗ ಸಿಗದೆ ಯಾರದೋ ಖಾಲಿ ಅಂಗಳದಲ್ಲಿ ನಿಲ್ಲಿಸಿ, ಹೆಲ್ಮೆಟ್ಟನ್ನು ಕನ್ನಡಿಗೆ ಸಿಕ್ಕಿಸಿ ದೇವಸ್ಥಾನಕ್ಕೆ ಹೋದೆ. ಬಂದು ನೋಡಿದರೆ ಅಂಗಳದ ತುಂಬ ಒಡೆದ ತೆಂಗಿನಕಾಯಿ ಒಣಹಾಕಿದ್ದಾರೆ, ಸ್ಕೂಟರ್ ನಡುವೆ ಸಿಕ್ಕಿಕೊಂಡಿದೆ. ಬೈಗುಳ ತಿನ್ನಲು ಸಿದ್ಧಳಾಗಿ ನಿಂತೆ.

ಆ ಮನೆಯ ಯಜಮಾನಿ ಚೆನ್ನಕ್ಕ ಹೊರಗೆ ಬಂದು, "ಈಗ ತೆಗಿಬೇಡಿ ಮಾರಾಯ್ರೆ. ಬಿಸಿಲು ಉಂಟು, ಸಂಜೆ ಹೋದರೆ ಸಾಕು" ಎಂದು ಕರೆದು ಗಂಜಿ ಬಡಿಸಿದರು.

ಸಂಜೆ ಹೊರಟಾಗ ಹೇಳಿದರು: "ನಾಳೆಯೂ ಇಲ್ಲೇ ನಿಲ್ಲಿಸಿ. ನಿಮ್ಮ ಕರಿ ಹೆಲ್ಮೆಟ್ ಕಂಡು ಒಂದು ಕಾಗೆಯೂ ಕೊಬ್ಬರಿ ಹತ್ತಿರ ಬರಲಿಲ್ಲ."

ಇವತ್ತು ನಾನು ನಡೆದೇ ತಿರುಗುತ್ತಿದ್ದೇನೆ. ನಿಮ್ಮ ಸ್ಕೂಟರ್ ಅಲ್ಲಿ ಕಾವಲಿಗೆ ನಿಂತಿದೆ.

ರೂಪಶ್ರೀ