ಫಾಯ್ಬಲ್‌ಗೆ ಮೂರು ಸಹಿ

ಸೋಮವಾರ, ಬೆಳಿಗ್ಗೆ 10.40

ಇವತ್ತೂ ಕಾರ್ಡು ಜೋಡಿಸುವುದರಿಂದಲೇ ಶುರು. ಎಫ್ ಅಕ್ಷರದ ಡಬ್ಬ. ಧೂಳು, ಎರಡು ಸೀನು, ಮತ್ತೆ ಧೂಳು. ಅಷ್ಟರಲ್ಲಿ ಸಂಪಾದಕರು ಬಂದು ಒಂದು ಖಾಲಿ ಕಾರ್ಡು ಮುಂದಿಟ್ಟರು.

'ಏನಮ್ಮಾ, ಒಂದೇ ಒಂದು ಮಾತು ಹೇಳಿ ಹೋಗ್ತೀನಿ.'

ನಲವತ್ತು ನಿಮಿಷ ಹೇಳಿದರು. ಸಾರಾಂಶ: 'ಫಾಯ್ಬಲ್' ಎಂಬ ಇಂಗ್ಲಿಷ್ ಪದ ನನ್ನದು! ಅರ್ಥ ನಾನೇ ಕೊಡಬೇಕು. ಬಳಕೆಯ ವಾಕ್ಯ ಕನಿಷ್ಠ ಮೂರು, ಅವೂ ನನ್ನವೇ. ಆರು ತಿಂಗಳಿಂದ ಈ ನಿಘಂಟು ಕಚೇರಿಯಲ್ಲಿ ಟ್ರಯಲ್ ಮೇಲಿದ್ದೇನೆ. ಸ್ವಂತದ ಪದ ಸಿಕ್ಕಿದ್ದು ಇದೇ ಮೊದಲು.

ಮುಂದಿನ ಸೋಮವಾರ ಸಂಜೆ ಐದಕ್ಕೆ ಎಫ್ ಪುಟಗಳು ಪ್ರೆಸ್ಸಿಗೆ. ಅಷ್ಟರಲ್ಲಿ ಕಾರ್ಡಿಗೆ ಮೂರು ಸಹಿ ಬೀಳಬೇಕು. ಸಂಪಾದಕರದು, ಪ್ರೂಫ್ ಮಾವನದು, ನನ್ನೆದುರು ಕೂರುವ ಟೈಪ್ ಅಕ್ಕನದು. ಬಿದ್ದರೆ ಪದ ಪುಸ್ತಕಕ್ಕೆ, ನಾನು ಖಾಯಂ. ಒಂದು ತಪ್ಪಿದರೂ ಪದ ಬುಟ್ಟಿಗೆ, ನಾನು ಬೀದಿಗೆ.

ಈ ಮಹಾನ್ ಹೊಣೆಯನ್ನು ಎದೆ ಸೆಟೆಸಿ ಹೊತ್ತಿದ್ದೇನೆ. ಸೀನು ಮಾತ್ರ ನಿಂತಿಲ್ಲ.

ಮಂಗಳವಾರ, ಮಧ್ಯಾಹ್ನ

ದೋಷ? — ಭಾರವಾಯಿತು. ದುರ್ಗುಣ? — ಪೊಲೀಸರನ್ನು ಕರೆಯಬೇಕು. ಚಟ? — ಮನೆಯವರು ಅಳುತ್ತಾರೆ. ದೌರ್ಬಲ್ಯ? — ಟಾನಿಕ್ ಕುಡಿಸಬೇಕು. ಫಾಯ್ಬಲ್ ಇವು ಯಾವುವೂ ಅಲ್ಲ. ಅದರಿಂದ ಯಾರಿಗೂ ಏಟು ಬೀಳುವುದಿಲ್ಲ, ಯಾರೂ ಜೈಲಿಗೆ ಹೋಗುವುದಿಲ್ಲ. ಸಣ್ಣ ಐಬು... ಸ್ವಭಾವದಲ್ಲಿ ಒಂದು ಪುಟ್ಟ ಕೊಂಕು.

ಕೊಂಕು! ಕುರ್ಚಿ ಬಿಟ್ಟು ಎದ್ದು ನನಗೆ ನಾನೇ ನಮಸ್ಕರಿಸಿದೆ.

ಬುಧವಾರ, 3.15

ಕಾರ್ಡು ಮುಗಿಯಿತು. ವಾಕ್ಯಗಳು ಸಭ್ಯ, ಸಪ್ಪೆ. 'ಪ್ರತಿಯೊಬ್ಬರಲ್ಲೂ ಒಂದಲ್ಲ ಒಂದು ಫಾಯ್ಬಲ್ ಇರುತ್ತದೆ' ಇತ್ಯಾದಿ. ಓದಿದರೆ ಆಕಳಿಕೆ.

ಕೈ ಸುಮ್ಮನಿರಲಿಲ್ಲ. ನನ್ನ ಖುಷಿಗೆಂದು ಅದೇ ಅರ್ಥ ಹಾಕಿ ಇನ್ನೊಂದು ಕಾರ್ಡು ಬರೆದೆ. 'ಒಂದೇ ಮಾತು ಎಂದು ನಲವತ್ತು ನಿಮಿಷ ಮಾತಾಡುವುದು ಅವರ ಫಾಯ್ಬಲ್.' 'ಬಂದ ಮದುವೆ ಕರೆಯೋಲೆಯ ತಪ್ಪುಗಳನ್ನು ಕೆಂಪು ಪೆನ್ಸಿಲ್ಲಿನಲ್ಲಿ ತಿದ್ದಿ ವಾಪಸು ಕಳಿಸುವುದು ಈತನ ಫಾಯ್ಬಲ್.' ಅದು ಪ್ರೂಫ್ ಮಾವ. ಮೂರನೆಯದು ನನ್ನದೇ: 'ಹಿರಿಯರ ಕಾಲೆಳೆಯದಿದ್ದರೆ ಆಕೆಗೆ ಊಟ ಸೇರದು, ಅದವಳ ಫಾಯ್ಬಲ್.'

ಯಾರೂ ನೋಡದಿರಲೆಂದು ಬೋರಲು ಹಾಕಿ ನೀರು ಕುಡಿಯಲು ಹೋಗುತ್ತಿದ್ದೇನೆ.

ಬುಧವಾರ, 3.30

ಅಯ್ಯಯ್ಯೋ! ಈ ಕಚೇರಿಯಲ್ಲಿ ಬೋರಲು ಹಾಕಿದ ಕಾರ್ಡೆಂದರೆ ಮುಗಿದ ಕಾರ್ಡು! ಬಂದ ಮೊದಲ ದಿನವೇ ಹೇಳಿಕೊಟ್ಟಿದ್ದರು. ಟ್ರೇ ಹೊತ್ತು ಬಂದ ಸಂಪಾದಕರು ಅದನ್ನೇ ಎತ್ತಿಕೊಂಡು ಹೋಗಿದ್ದಾರೆ. ಸಭ್ಯ ಕಾರ್ಡು ಟೇಬಲ್ ಮೇಲೆ ಅಂಗಾತ ಮಲಗಿ ನನ್ನನ್ನೇ ನೋಡುತ್ತಿದೆ.

ಗುರುವಾರ, 11.00

ನಗು! ಸಂಪಾದಕರ ಕೋಣೆಯಿಂದ ನಗು! ಹೊರಗೆ ಬಂದವರೇ, 'ಆ ಕೆಂಪು ಪೆನ್ಸಿಲ್ಲು ಪ್ರೂಫ್ ಮಾವನೇ ಅಲ್ವೇನಮ್ಮಾ? ಸಿಕ್ಕಿಹಾಕ್ಕೊಂಡ! ಆದ್ರೆ ಆ ನಲವತ್ತು ನಿಮಿಷದವನು ಯಾರು? ನಮ್ಮ ಭಾವಮೈದ ಥೇಟ್ ಹಾಗೇನೇ. ಒಂದೇ ಮಾತು ಹೇಳ್ತೀನಿ ಕೇಳು...' ನಿಂತು ಕೇಳಿದೆ. ಕಾಲು ಜೋಮು ಹಿಡಿಯಿತು. ಆದರೆ ಸಹಿ ಬಿದ್ದಿದೆ!

ಸಂಜೆ ಪ್ರೂಫ್ ಮಾವ ಬಂದ. ಮುಖ ಗಂಟು.

'ಇದು ನಂದೇ ತಾನೇ?'

'ಹೌದು ಮಾವ. ಬೈದುಬಿಡಿ.'

'ಬೈಯೋದೇ. ಕರೆಯೋಲೆ ಯಾವ ಲೆಕ್ಕ? ಮೊನ್ನೆ ಡಾಕ್ಟರ ಚೀಟಿನೇ ತಿದ್ದಿ ಕೊಟ್ಟು ಬಂದೆ. ಬರೆಯೋದಾದ್ರೆ ಅದನ್ನ ಬರಿ!'

ಡಾಕ್ಟರ ಚೀಟಿ ಸೇರಿತು. ಎರಡನೆಯ ಸಹಿ! ಮೆಟ್ಟಿಲು ಎರಡೆರಡಾಗಿ ಹಾರಿಕೊಂಡು ಮನೆಗೆ ಹೋದೆ.

ಶುಕ್ರವಾರ, 4.50

ಟೈಪ್ ಅಕ್ಕ ಕಾರ್ಡು ಹಿಂದಿರುಗಿಸಿದರು. ಸಹಿ ಇಲ್ಲ. ಆಕ್ಷೇಪಣೆಯೂ ಇಲ್ಲ.

'ಏನಾದ್ರೂ ತಪ್ಪಿದೆಯಾ ಅಕ್ಕ?'

'ಏನೂ ಇಲ್ಲ.'

'ಮತ್ತೆ?'

ಕೀಲಿಗಳ ಮೇಲಿನ ಕೈ ನಿಂತಿತು. 'ಆರು ತಿಂಗಳಿಂದ ನನ್ನೆದುರೇ ಕೂತಿದೀಯ. ಅವರಲ್ಲೊಂದು ಕಂಡೆ, ಇವರಲ್ಲೊಂದು ಕಂಡೆ. ನನ್ನಲ್ಲಿ ಒಂದೂ ಕಾಣ್ಲಿಲ್ವಾ?'

'ನಿಮ್ಮಲ್ಲಿ ಐಬೇ ಇಲ್ವಲ್ಲ ಅಕ್ಕ...'

'ಹಾಗಂತ ಗೋಡೆ ಬಗ್ಗೆನೂ ಹೇಳ್ಬಹುದು ಕಣೇ.'

ಬ್ಯಾಗು ಹಿಡಿದು ಹೊರಟುಬಿಟ್ಟರು. 

ಸೋಮವಾರ, ಬೆಳಿಗ್ಗೆ 9.30

ಎರಡು ರಜೆ ಹಾಳು. ಅರ್ಥದ ಸಾಲಿಗೆ ಮೂರು ಪದ ಸೇರಿಸಿದ್ದೊಂದೇ ಕೆಲಸ: 'ಹತ್ತಿರ ಇದ್ದವರಿಗಷ್ಟೇ ಕಾಣುವಂಥದು.' ಬರೆದು ನನಗೇ ನಾಚಿಕೆಯಾಯಿತು.

ಸುಮ್ಮನೆ ಏನಾದರೂ ಕಟ್ಟಿ ಹೇಳಿದರೆ ಅವರು ಹಿಡಿದುಬಿಡುತ್ತಾರೆ. ಇವತ್ತು ನೋಡುವುದು. ನಿಜವಾಗಿ ನೋಡುವುದು.

ಸೋಮವಾರ, 1.20

ಕಂಡೆ! ಕಂಡೆ ಕಂಡೆ!

ಊಟಕ್ಕೆ ಎಲ್ಲರೂ ಎದ್ದ ಮೇಲೆ ಅಕ್ಕ ಆಚೀಚೆ ನೋಡಿ ಕಸದ ಬುಟ್ಟಿಗೆ ಬಗ್ಗಿದರು. ಸಹಿ ಬೀಳದ ಕಾರ್ಡುಗಳು ಹೋಗುವ ಬುಟ್ಟಿ. ಒಂದೊಂದನ್ನೇ ಎತ್ತಿ, ಮಡಿಕೆ ಬಿಡಿಸಿ, ಸೆರಗಿನಲ್ಲಿ ಒರೆಸಿ, ಕೆಳಗಿನ ಡ್ರಾಯರಿಗೆ ಹಾಕಿದರು. ಡ್ರಾಯರು ತುಂಬಾ ರಬ್ಬರ್ ಬ್ಯಾಂಡ್ ಹಾಕಿದ ಕಟ್ಟುಗಳು! ಎಷ್ಟು ವರ್ಷದವೋ! ನಾನು ಕಪಾಟಿನ ಹಿಂದೆ ಉಸಿರು ಬಿಗಿಹಿಡಿದು ನಿಂತಿದ್ದೆ. ಸೀನು ಬರಲಿಲ್ಲ. ನನ್ನ ಪುಣ್ಯ.

ಆದರೆ ಬರೆದರೆ ಸಂಪಾದಕರ ಕಣ್ಣಿಗೆ ಬೀಳುತ್ತದೆ. ಬುಟ್ಟಿಗೆ ಬಿದ್ದದ್ದು ಬುಟ್ಟಿಯಲ್ಲೇ ಇರಬೇಕೆಂಬುದು ಅವರ ಕಟ್ಟಪ್ಪಣೆ. ಅಕ್ಕನ ಇಷ್ಟು ವರ್ಷದ ಗುಟ್ಟು... ನನ್ನ ಕೆಲಸಕ್ಕಾಗಿ ಬಯಲು ಮಾಡಲೇ?

ಇಲ್ಲ. ಕಾರ್ಡಿನಲ್ಲಲ್ಲ. ಬೇರೆ ಚೀಟಿಯಲ್ಲಿ ಬರೆದು ಅವರಿಗೊಬ್ಬರಿಗೇ ಕೊಡುತ್ತೇನೆ. ಸಹಿ ಬಿದ್ದರೆ ಬೀಳಲಿ.

ಸೋಮವಾರ, 4.40

ಕೊಟ್ಟೆ. 'ಎಸೆದ ಪದವನ್ನು ಎಸೆದಲ್ಲೇ ಬಿಡಲಾರದಿರುವುದು ಅಕ್ಕನ ಒಂದೇ ಒಂದು ಫಾಯ್ಬಲ್.'

ಓದಿದರು. ಕಿವಿ ಕೆಂಪಾಯಿತು. ಕಾಲಿನಿಂದಲೇ ಡ್ರಾಯರು ಒತ್ತಿ ಮುಚ್ಚಿದರು. ನನ್ನ ಕಡೆ ನೋಡಿ... ನಕ್ಕರು! ಹಲ್ಲು ಕಾಣುವಂತೆ! ಚೀಟಿಯ ವಾಕ್ಯವನ್ನು ತಾವೇ, ದುಂಡಗಿನ ಅಕ್ಷರದಲ್ಲಿ, ಕಾರ್ಡಿಗೆ ಇಳಿಸಿದರು.

'ಅಕ್ಕಾ, ಸಂಪಾದಕರು ನೋಡ್ತಾರೆ!'

'ನೋಡ್ಲಿ ಬಿಡೇ. ಯಾವಾಗಾದ್ರೂ ನೋಡ್ಲೇಬೇಕಲ್ಲ.'

ಸಹಿ ಹಾಕಿದರು. ಮೂರೂ ಸಹಿ! ಆಮೇಲೆ ನನ್ನ 'ಒಂದೇ ಒಂದು' ಮೇಲೆ ಗೀಟು ಎಳೆದರು.

'ಇದು ಸುಳ್ಳು. ಇನ್ನೊಂದಿದೆ. ಯಾರಿಗೂ ಹೇಳಿಲ್ಲ. ಆ ಬಾಗಿಲು ಹಾಕಿ ಬಾ ಇಲ್ಲಿ.'

ಬಾಗಿಲಿಗೆಂದು ಎದ್ದವಳು ನಿಂತೇ ಇಷ್ಟು ಗೀಚಿದ್ದೇನೆ. ಹತ್ತಿರದಲ್ಲೇ ಸಂಪಾದಕರ ಚಪ್ಪಲಿ ಸದ್ದು. ಅಕ್ಕ ಕೈಸನ್ನೆ ಮಾಡಿ ಕರೆಯುತ್ತಿದ್ದಾರೆ, ಬೇಗ ಬೇಗ ಅಂತ, ಸಂಪಾದಕರು ಬರುವಷ್ಟರಲ್ಲಿ...