ಮಾಸು ಬೀಳುವ ಮೊದಲು

ನವೆಂಬರ್ 11, ಸೋಮವಾರ

ಮಿಡಿಗೇಶಿ ಬಸ್ಸು ಇವತ್ತೂ ಲೇಟು. ಮಧುಗಿರಿವರೆಗೆ ನಿಂತೇ ಹೋದೆ. ಪಿಯುಸಿ ಮಕ್ಕಳಿಗೆ ಪಾಠ. ಬೋರ್ಡ್ ತುಂಬ ಬಿ ಕೋಶ. ರೋಗಾಣು ಬಂದರೆ ಅದಕ್ಕೆ ಹೊಂದುವ ಬಿ ಕೋಶ ಮಾತ್ರ ಅದನ್ನು ಹಿಡಿಯುತ್ತೆ. ಟಿ ಕೋಶ ಹೂಂ ಅಂದ ಮೇಲೆ ಒಂದು ಸಾವಿರವಾಗಿ ಪ್ರತಿಕಾಯ ಸುರಿಸುತ್ತೆ. ಅವುಗಳಲ್ಲಿ ಕೆಲವು ಆ ರೋಗಾಣುವನ್ನು ನೆನಪಿಟ್ಟುಕೊಂಡು ಕೂರುತ್ತವೆ.

ಒಬ್ಬಳು ಎದ್ದು ಕೇಳಿದಳು— "ಮಿಸ್, ಆಗ ಹುಟ್ಟಿದ ಕರೂಗೆ ಪ್ರತಿಕಾಯ ಎಲ್ಲಿಂದ?"

"ತಾಯಿಯ ಗಿಣ್ಣುಹಾಲಿಂದ. ಹೊಟ್ಟೆಯಲ್ಲಿದ್ದಾಗ ದಾಟಿ ಬರಲ್ಲ. ಹುಟ್ಟಿದ ಮೊದಲ ಕೆಲವು ಗಂಟೆ ಕರುಳು ಅದನ್ನ ಒಳಗೆ ಬಿಟ್ಟುಕೊಳ್ಳುತ್ತೆ, ಆಮೇಲೆ ಇಲ್ಲ."

ಅಂದವಳಿಗೇ ಮೈ ಝುಂ ಅಂತು. ನಮ್ಮನೆಯಲ್ಲಿ ಕರುವಿನ ಹಿಂದೆ ಬರುವ ಮಾಸಿನ ಚೀಲ ಬೀಳುವವರೆಗೆ ಕರುವನ್ನು ಕೆಚ್ಚಲ ಹತ್ತಿರವೇ ಬಿಡುವುದಿಲ್ಲ! ನಾನು ಮದುವೆಯಾಗಿ ಬಂದ ಮೇಲೆ ಎರಡು ಕರು. ಎರಡೂ ಭೇದಿಯಾಗಿ ವಾರದೊಳಗೆ ಹೋದವು. ಪಾಠ ಮಾಡಿದ್ದೇ ಬಂತು, ಥೂ.

ನವೆಂಬರ್ 14, ಗುರುವಾರ

ಅತ್ತೆಗೆ ಹೇಳಿದೆ. ಹೇಳಬಾರದಿತ್ತೇನೋ...

"ಮಾಸು ಬೀಳ್ದೆ ಹಾಲು ಬುಟ್ರೆ ಮಾಸು ಒಳಗೇ ನಿಂತ್ಕೊತದೆ ಕಣಮ್ಮ. ಹಸನೂ ಹೋಯ್ತದೆ. ನೋಡ್ದಲೆ ಯೋಳ್ತೀನಾ ನಾನು? ಈ ಸಲಾನೂ ಕರ ಉಳೀಲಿಲ್ಲ ಅಂದ್ರೆ ಹಸ ಸಂತೆಗೇಯ!"

ತುಂಬು ಗಬ್ಬದ ಕೆಂದಿ ನನ್ನ ತವರಿನ ಹಸು, ಕೊಳಾಲದಿಂದ ಬಂದವಳು. ನನ್ನ ಕಾಲ್ಗುಣದ ಮಾತೂ ಬಂತು. ಸಿಟ್ಟು ನೆತ್ತಿಗೇರಿತು.

ಇವರನ್ನು ಕೇಳಿದೆ. "ಅಮ್ಮಂದು ನಿಂದು ನೀವೇ ನೋಡ್ಕೊಳಿ." ಮೊಬೈಲಿನಿಂದ ತಲೆ ಎತ್ತಲಿಲ್ಲ ಪುಣ್ಯಾತ್ಮ. ಸರಿ. ನಾನೇ ನೋಡ್ಕೊತೀನಿ. ಬಾಟಲಿ, ನಿಪ್ಪಲ್ ತಂದಿಟ್ಟಾಯಿತು.

ನವೆಂಬರ್ 17, ಭಾನುವಾರ, ಬೆಳಗ್ಗೆ

ಕೆಂದಿ ಈದಳು. ಹೆಣ್ಣುಗರು! ಅತ್ತೆ ಒಯ್ದು ದೂರದ ಗೂಟಕ್ಕೆ ಕಟ್ಟಿದರು. ಹೋಗಿ ಹಗ್ಗ ಬಿಚ್ಚಿದೆ.

"ಏಯ್, ಬುಡಮ್ಮ ಅದನ್ನ! ಹಸಕ್ಕೇನಾರ ಆದ್ರೆ ಯಾರು ಹೊಣೆ?"

"ನಾನೇ ಹೊಣೆ ಅತ್ತೆ."

ಕರು ನಿಲ್ಲಲಾರದೆ ಮುಗ್ಗರಿಸುತ್ತಿತ್ತು. ಗಿಣ್ಣು ಕರೆದು ಬಾಟಲಿಯಲ್ಲಿ ಕುಡಿಸಿದೆ. ಬೆರಳಿಗಂಟುವ ಹಳದಿ ಹಾಲು. ಚಪ್ಪರಿಸಿ ಕುಡಿಯಿತು.

ಅದೇ ದಿನ, ಸಂಜೆ

ಮಾಸು ಇನ್ನೂ ಬಿದ್ದಿಲ್ಲ. "ನೋಡ್ದಾ?" ಅಂದರು ಅತ್ತೆ, ಅಷ್ಟೇ. ಅವರು ಹೇಳಿದ್ದೇ ನಿಜವಾದರೆ?

ಪಶು ಡಾಕ್ಟರ್ ನರಸಿಂಹರಾಜು ಅವರಿಗೆ ಫೋನ್. "ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಮೇಡಂ. ಕರು ಚೀಪಿದ್ರೆ ಬೇಗನೇ ಬೀಳುತ್ತೆ. ಕೈಹಾಕಿ ಎಳೀಬೇಡಿ ಮಾತ್ರ."

ಈ ಸಲ ಕರುವನ್ನು ಕೆಚ್ಚಲಿಗೇ ಬಿಟ್ಟೆ. ತಾನಾಗಿ ನಿಂತು ಚೀಪಿತು. ದೀಪ ಹಚ್ಚುವ ಹೊತ್ತಿಗೆ ಮಾಸು ಬಿತ್ತು. ಅತ್ತೆ ಅದನ್ನು ಹೂಳಿ ಬಂದರು.

ನವೆಂಬರ್ 21, ಗುರುವಾರ

ಕರುವಿಗೆ ಭೇದಿ. ಹಿಂದಿನವೆರಡೂ ಹೀಗೇ ಶುರುವಾಗಿದ್ದು. ಕಾಲೇಜಿಗೆ ರಜೆ. ಡಾಕ್ಟರ್ ಹೇಳಿದಂತೆ ಉಪ್ಪು-ಸಕ್ಕರೆ ನೀರು, ನಡುನಡುವೆ ಹಾಲು. "ಸಾಯಕ್ಕೆ ಬಿಡಲ್ಲ ಕಣೇ ನಿನ್ನ" ಅಂತ ಅದರ ಕಿವಿಯಲ್ಲೇ ಹೇಳಿದೆ. ಹೇಳುತ್ತಾ ನಾನೇ ಅತ್ತುಬಿಟ್ಟೆ.

ನವೆಂಬರ್ 26, ಮಂಗಳವಾರ

ಕರು ಕುಣಿಯುತ್ತಿದೆ! ನನ್ನ ಸೆರಗು ಜಗಿದು ಹಾಕಿದೆ. ಜಗೀಲಿ.

ಕೊಟ್ಟಿಗೆಯಲ್ಲಿ ಅತ್ತೆ ತಾವಾಗಿ ಕೇಳಿದರು— "ಆ ಹಾಲಾಗೆ ಅದೇನೋ ಇರ್ತದೆ ಅಂದ್ಯಲ್ಲ, ಏನಮ್ಮ ಅದು?"

ಹೇಳಿದೆ. ಈ ಕೊಟ್ಟಿಗೆಯ ರೋಗಗಳನ್ನೆಲ್ಲ ಕೆಂದಿ ಕಂಡು ಗೆದ್ದವಳು. ಅವಳ ಮೈ ಮಾಡಿದ ಪ್ರತಿಕಾಯ ಗಿಣ್ಣಿನಲ್ಲಿ ಬಂದು ಕರುವಿನೊಳಗೆ ರೋಗಾಣುವಿಗೆ ಅಂಟಿಕೊಳ್ಳುತ್ತೆ, ಅದು ಕರುಳು ಹಿಡಿಯದಂತೆ ತಡೆಯುತ್ತೆ. ಭೇದಿ ಬಂದರೂ ಕರು ತಡೆದುಕೊಂಡಿದ್ದು ಅದರಿಂದಲೇ ಇರಬೇಕು.

ಅತ್ತೆ ಹುಲ್ಲು ಹಾಕುವುದು ನಿಲ್ಲಿಸಿದರು. "ಮನುಸ್ರಿಗೂ ಇಂಗೇಯಾ?"

"ಹೂಂ ಅತ್ತೆ. ಮೊದಲ ಹಾಲು ಮಗೂಗೂ ಬೇಕು." ಗೆದ್ದ ಖುಷಿಯಲ್ಲಿ ಪಟ್ಟನೆ ಅಂದುಬಿಟ್ಟೆ.

ಅತ್ತೆ ಕೈಯಲ್ಲಿದ್ದ ಹುಲ್ಲು ಕೆಳಗಿಟ್ಟರು.

"ನಿನ್ ಗಂಡಂಗಿಂತ ಮುಂಚೆ ನಂಗೊಂದು ಹೆಣ್ಗೂಸು ಆಗಿತ್ತು. ಕೆಟ್ ಹಾಲು ಅಂತ ಮೂರ್ ದಿನ ಎದೆಗೆ ಹಾಕ್ಕೊಳಾಕೆ ಬುಡ್ಲಿಲ್ಲ ನಮ್ಮತ್ತೆ. ಹಿಂಡಿ ಚೆಲ್ಸುದ್ರು. ಸಕ್ಕರೆ ನೀರು ನೆಕ್ಸುದ್ರು. ಭೇದಿ ಆಗೇ ಹೋಯ್ತು ಕಣಮ್ಮ. ಅಂಗಾದ್ರೆ... ಕುಡಿಸಿದ್ರೆ ಉಳೀತಿತ್ತಾ?"

ಮನುಷ್ಯರ ಕೂಸಿಗೆ ಹೊಟ್ಟೆಯಲ್ಲೇ ಒಂದಿಷ್ಟು ಪ್ರತಿಕಾಯ ಬಂದಿರುತ್ತೆ. ಅದೊಂದೇ ಕಾರಣ ಅನ್ನಲಾಗದು. ಎಲ್ಲ ಗೊತ್ತು ನನಗೆ. ಅವರ ಕೈ ಹಿಡಿದುಕೊಂಡೆ. ಕೈ ಬಿಡಿಸಿಕೊಳ್ಳಲಿಲ್ಲ, ಮುಖವನ್ನೇ ನೋಡುತ್ತಿದ್ದರು, ಉತ್ತರ ಬೇಕಿತ್ತು ಅವರಿಗೆ.

"ಅತ್ತೆ," ಅಂದೆ, "ಅದು ಉಳೀತಿತ್ತೇನೋ, ಖಂಡಿತ ಅನ್ನಕ್ಕಾಗಲ್ಲ. ಆದ್ರೆ ತಪ್ಪು ನಿಮ್ಮದಲ್ಲ."